ಕೆಂಪಿಲ್ಲದ ಹಣೆ

"ನನ್ನ ಬಗ್ಗೆ ಬರಿ, ಬ್ಯಾಡ ಅನ್ನೋದಿಲ್ಲ. ಆದ್ರ ಹೆಸರು ಹಾಕಬ್ಯಾಡ. ಹೆಸರು ಹಾಕಿದಿ ಅಂದ್ರ ಆದವಾನಿ ಮಂದಿ 'ಓ, ಇವರಾ, ಇವರ ತಮ್ಮ ನಮಗ ಗೊತ್ತು' ಅಂತ ಅಲ್ಲಿಗೇ ಓದೋದು ಬಿಡ್ತಾರ."

ಹೀಗೆ ಅಪ್ಪಣೆಯಾಗಿದೆ. ಆದ್ದರಿಂದ ಅವರನ್ನು ಸಾರ್ ಎಂದೇ ಬರೆಯುತ್ತೇನೆ. ಹೋದ ತಿಂಗಳ ಕೊನೆಗೆ ಅವರು ಆಂಧ್ರದ ಗಡಿಯೂರು ಆದವಾನಿಯ ನಮ್ಮ ಡಿಗ್ರಿ ಕಾಲೇಜಿನಿಂದ ನಿವೃತ್ತರಾದರು. ಕಲಿಸುತ್ತಿದ್ದದ್ದು ಮಾಧ್ಯಮ ಶಾಸ್ತ್ರ. ಸಿನಿಮಾ, ಜಾಹೀರಾತು, ಟಿವಿ ಇವೆಲ್ಲ ನಮಗೆ ಗೊತ್ತಿಲ್ಲದ ಹಾಗೆ ನಮ್ಮ ತಲೆಯೊಳಗೆ ಹೇಗೆ ಹೊಕ್ಕು ಕೂರುತ್ತವೆ ಎಂದು ಬಿಡಿಸಿ ಹೇಳುವ ವಿದ್ಯೆ ಅದು. ಇಂಥ ಪಾಠ ಹೇಳುವವರು ಜೀನ್ಸ್ ಹಾಕಿಕೊಂಡು ಜುಟ್ಟು ಬಿಟ್ಟುಕೊಂಡಿರುತ್ತಾರೆ ಎಂದು ನಾನು ತಿಳಿದಿದ್ದೆ. ಜುಟ್ಟೇನೋ ಇತ್ತು, ಆದರೆ ಅದು ಬೇರೆ ಥರದ ಜುಟ್ಟು. ಸಾರ್ ವೈಷ್ಣವರ ಮನೆಯವರು, ಅವರಪ್ಪ ಮಠದಲ್ಲಿ ಪಾಠ ಹೇಳುತ್ತಿದ್ದವರು. ಹಣೆಯ ನಡುವೆ ಉದ್ದಕ್ಕೆ ಒಂದು ಕಪ್ಪು ಗೀರು, ಅದು ಅಂಗಾರ. ಅದರ ಬುಡದಲ್ಲಿ ಒಂದು ಕೆಂಪು ಬೊಟ್ಟು, ಅದು ಅಕ್ಷತೆ. ಪಾಠ ತೆಲುಗಿನಲ್ಲಿ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ, ಸಿಟ್ಟೋ ಹುರುಪೋ ಬಂದರೆ ಕನ್ನಡದಲ್ಲಿ.

ಆ ಕೆಂಪು ಬೊಟ್ಟಿನ ಗುಟ್ಟು ಕಾಲೇಜು ಸೇರಿದ ಕೆಲವೇ ವಾರಗಳಲ್ಲಿ ನಮಗೆ ಸಿಕ್ಕಿತು. ಏಕಾದಶಿಯ ದಿನ ಸಾರ್ ಒಂದು ಹನಿ ನೀರೂ ಕುಡಿಯುತ್ತಿರಲಿಲ್ಲ. ಅವತ್ತು ಹಣೆಯ ಮೇಲೆ ಬರೀ ಕಪ್ಪು, ಕೆಂಪು ಇಲ್ಲ. ಹೊಟ್ಟೆ ಖಾಲಿ ಇದ್ದದ್ದಕ್ಕೋ ಏನೋ, ಅವತ್ತು ಸಾರ್ ಬೆಣ್ಣೆಯಷ್ಟು ಮೆತ್ತಗಿರುತ್ತಿದ್ದರು. ರಜೆ ಬೇಕಾದವರು, ಅಸೈನ್‌ಮೆಂಟ್ ಬರೆಯದವರು ಬಾಗಿಲಲ್ಲೇ ಇಣುಕಿ ಹಣೆ ನೋಡುತ್ತಿದ್ದರು. "ಎರುಪು ಲೇದುರಾ, ಕೆಂಪಿಲ್ಲಲೇ, ಇವತ್ತ ಕೇಳು" ಎಂದು ಒಬ್ಬರಿಗೊಬ್ಬರು ತಿವಿಯುತ್ತಿದ್ದೆವು. ತಾವು ಉಪವಾಸ ಎಂದು ಸಾರ್ ಮಾತ್ರ ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಿಕೊಂಡು ಮಾಡಿದರೆ ಅದು ಉಪವಾಸವಲ್ಲ, ಪ್ರದರ್ಶನ ಎನ್ನುವುದು ಅವರ ಮತ.

ಅವರ ಪರಿಚಯ ನನಗೆ ಮೊದಲಾದದ್ದು ಒಂದು ಗುಲ್ಲಿನಿಂದ. ಮಾಧ್ಯಮ ಶಾಸ್ತ್ರದ ಆಚಾರ್ರು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಫೋನಿನಲ್ಲಿ ಕುಣಿತದ ಹಾಡು ನೋಡುತ್ತಾರೆ, ಯಾರಿಗೂ ಕೇಳಬಾರದೆಂದು ಸೌಂಡ್ ಬೇರೆ ತೆಗೆದಿರುತ್ತಾರೆ ಎಂದು ಅಟೆಂಡರ್ ಕಾಲೇಜೆಲ್ಲ ಟಾಂ ಟಾಂ ಹೊಡೆದಿದ್ದ. ಸಾರ್ ಕಿವಿಗೂ ಬಿತ್ತು. ಕ್ಲಾಸಿಗೆ ಬಂದವರೇ, "ಹೌದು, ನೋಡ್ತೀನಿ. ನಿಮಗೂ ತೋರಿಸ್ತೀನಿ, ಕಿಟಕಿ ಹಾಕ್ರಿ" ಎಂದು ಅದೇ ಹಾಡನ್ನು ಗೋಡೆಯ ಮೇಲೆ ಬಿಟ್ಟರು. ಸೌಂಡ್ ಇಲ್ಲ. "ಸೌಂಡ್ ಇದ್ರ ಕಾಲು ಕುಣೀತದ, ಕಣ್ಣು ಮಲಗ್ತದ. ಈಗ ನೋಡ್ರಿ."

ಮೊದಲು ಕಿಸಕ್ಕನೆ ನಕ್ಕೆವು. ಸದ್ದಿಲ್ಲದೆ ಕುಣಿಯುವವರನ್ನು ನೋಡಿದರೆ ನಗು ಬರುವುದಿಲ್ಲವೇ? ಆಮೇಲೆ ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡತೊಡಗಿದೆವು. ಹೀರೋ ತಲೆಯಿಂದ ಕಾಲಿನವರೆಗೆ ಇಡಿಯಾಗಿ ನಿಂತಿದ್ದ. ಹೀರೋಯಿನ್ ಒಮ್ಮೆ ಸೊಂಟ, ಒಮ್ಮೆ ತುಟಿ, ಒಮ್ಮೆ ಕಾಲು.

"ಅವನನ್ನ ಇಡಿಯಾಗಿ ತೋರಿಸ್ಯಾರ, ಆಕೀನ್ನ ತುಂಡು ತುಂಡು ತೋರಿಸ್ಯಾರ. ಕಸಾಯಿ ಅಂಗಡಿಯೊಳಗ ಹಿಂಗ ತೂಗಹಾಕಿರ್ತಾರ ಅಂತ ಕೇಳೀನಿ, ನಾ ನೋಡಿಲ್ಲ" ಎಂದರು ಸಾರ್.

"ನಾ ನೋಡೀನಿ ಸಾರ್. ಹಂಗಾ ಇರ್ತೈತಿ" ಎಂದ ಹಿಂದಿನ ಬೆಂಚಿನಿಂದ ಜಿಲಾನಿ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಾರ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಚೌಕ ಮಾಡಿ ಅದರೊಳಗಿಂದ ನೋಡುವುದು ಅವರ ಚಟ. ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಹಾಗೆ ನೋಡುವರು, ಮದುವೆ ಪಂಕ್ತಿಯಲ್ಲಿ ಕೂತರೂ ಹಾಗೆ ನೋಡುವರು. ಆ ಚೌಕದೊಳಗಿಂದ ನಮ್ಮನ್ನು ನೋಡುತ್ತ ಮೂರು ಪ್ರಶ್ನೆ ಕೇಳುವರು: ಯಾರು ನೋಡ್ಲಿಕತ್ತಾರ? ಯಾರನ್ನ ನೋಡ್ಲಿಕತ್ತಾರ? ಚೌಕಟ್ಟಿನ ಹೊರಗ ಯಾರು ನಿಂತಾರ? ಪುಸ್ತಕದ ದೊಡ್ಡ ದೊಡ್ಡ ಶಬ್ದಗಳೆಲ್ಲ ಅವರ ಬಾಯಲ್ಲಿ ಹೀಗೆ ಮನೆಮಾತಾಗಿ ಬರುತ್ತಿದ್ದವು. ಒಂದೇ ಚಿತ್ರವನ್ನು ಮೂವರು ಮೂರು ಥರ ಓದುತ್ತಾರೆ ಎಂಬ ಸಿದ್ಧಾಂತವೊಂದಿದೆ. ಸಾರ್ ಪ್ರಕಾರ ಅದು ಇಷ್ಟೇ: "ಒಬ್ಬ ಹೂಂ ಅಂತಾನ. ಒಬ್ಬ ಹೂಂ, ಆದ್ರ... ಅಂತಾನ. ಇನ್ನೊಬ್ಬ ಹೋಗಲೇ ಅಂತಾನ. ನೀ ಕಳಿಸಿದ್ದು ಒಂದು, ಅವ ತಗೊಂಡಿದ್ದು ಒಂದು. ಯಾಕ ಹಂಗಾತು ಅಂತ ಕೇಳೋದೇ ನಮ್ಮ ಶಾಸ್ತ್ರ."

ಹಾಡಿಗೊಂದು ಜಾತಿ ಇರುತ್ತದೆ, ಅದಕ್ಕೆ ತಕ್ಕ ನಿರೀಕ್ಷೆ ಇರುತ್ತದೆ ಎಂದು ಹೇಳುವ ದಿನ ಬೋರ್ಡಿನ ಮೇಲೆ ಬಾಳೆಲೆ ಬರೆದರು. "ಉಪ್ಪು ಎಲ್ಲಿ ಬಡಿಸ್ತಾರ?" "ಎಡಗಡೆ ತುದಿಗೆ ಸಾರ್." "ಅಲ್ಲಿ ಇಲ್ಲ ಅಂದ್ರ?" "ಕೈ ತಡಕಾಡ್ತೈತಿ ಸಾರ್." "ಅಷ್ಟೇ. ಉಪ್ಪಿನ ಜಾಗಾದಾಗ ಲಡ್ಡು ಇಡಬೇಕು ಅಂದ್ರ ಇಡು. ಆದ್ರ ಕೈ ತಡಕಾಡ್ತದ ಅನ್ನೋದು ಗೊತ್ತಿದ್ದು ಇಡು." ಆ ಪಾಠ ನನಗೆ ಇಂದಿಗೂ ಅನ್ನ ಹಾಕುತ್ತಿದೆ. ನಾನೀಗ ಆದವಾನಿಯಲ್ಲಿ ಮದುವೆ ಮುಂಜಿ ವಿಡಿಯೋ ತೆಗೆದು ಎಡಿಟ್ ಮಾಡಿ ಬದುಕುವವಳು. ತಾಳಿ ಕಟ್ಟುವ ಹೊತ್ತಿಗೆ ಡ್ರೋನು ಹಾರಿಸುವ ಹುಂಬತನ ನಾನು ಮಾಡುವುದಿಲ್ಲ.

ಕೊನೆಯ ವರ್ಷ ಮೂವರು ಮೂವರು ಸೇರಿ ಒಂದು ಹಾಡಿನ ವಿಡಿಯೋ ಮಾಡಬೇಕಿತ್ತು. ವಿಡಿಯೋಗಿಂತ ಅದರ ಯೋಜನೆಗೇ ಹೆಚ್ಚು ಮಾರ್ಕು. ನಮ್ಮ ಗುಂಪಿನಲ್ಲಿ ಕೀಬೋರ್ಡ್ ನುಡಿಸುವ ಜಿಲಾನಿ, ಫೋಟೋ ಸ್ಟುಡಿಯೋದವರ ಮಗ ಶ್ರೀನು, ಹಾಡುವವಳು ನಾನು. ಶ್ರೀನುಗೆ ಹಾಡಿನಲ್ಲಿ ಹಿಮ ಬೀಳಬೇಕಿತ್ತು. ಜಿನ್ನಿಂಗ್ ಮಿಲ್ಲಿಗೆ ಹೋಗಿ ಫ್ಯಾನು ಹಚ್ಚಿ ಹತ್ತಿಯ ಎಳೆ ಹಾರಿಸಿದರೆ ಥೇಟ್ ಕಾಶ್ಮೀರ ಎಂದು ಅವನ ಲೆಕ್ಕ. ಸಾರ್ ಪೂರ್ತಿ ಕೇಳಿಸಿಕೊಂಡರು.

"ಆದವಾನಿಯೊಳಗ ಬೆಳ್ಳಗ ಏನರ ಹಾರಿದ್ರ, ನೋಡೋವ್ರು ಮೊದ್ಲು ಏನಂತಾರಪಾ?"

ಶ್ರೀನು ತಲೆ ಕೆರೆದುಕೊಂಡ. "ಪತ್ತಿ ಅಂಟಾರು ಸಾರ್." ಹತ್ತಿ ಅಂತಾರೆ.

"ಹಂಗಾದ್ರ ಹತ್ತೀನ್ನ ಹತ್ತಿ ಅಂತಲೇ ತೋರಿಸಪಾ. ಕಾಶ್ಮೀರದವರು ಬ್ಯಾಸರ ಮಾಡ್ಕೊಳ್ಳೋದಿಲ್ಲ."

ಹೀಗೆ ಕಾಶ್ಮೀರ ಹೋಗಿ ಹೊಳಗುಂದದ ಬಸ್ಸು ಬಂತು. ನಾನು ದಿನಾ ಹೊಳಗುಂದದಿಂದ ಆದವಾನಿಗೆ ಬಸ್ಸಿನಲ್ಲಿ ಬರುತ್ತಿದ್ದವಳು. ಕಿಟಕಿ ಪಕ್ಕದ ಸೀಟಿಗಾಗಿ ನಾನು ಮಾಡದ ಜಗಳವಿಲ್ಲ. ಅದನ್ನೇ ಹಾಡು ಮಾಡಿದೆವು. ಪಲ್ಲವಿ ಅರ್ಧ ಕನ್ನಡ, ಅರ್ಧ ತೆಲುಗು: "ಕಿಟಕಿ ಸೀಟು ನನ್ದೈತಿ, ಗಾಲಿ ಅಂತಾ ನಾದೇ." ಕಿಟಕಿ ಸೀಟು ನನ್ನದು, ಗಾಳಿಯೆಲ್ಲ ನನ್ನದೇ.

ತೊಡಕು ಬಂದದ್ದು ಮನೆಯಲ್ಲಿ. ನಮ್ಮಪ್ಪ ಕುರಿ ಸಾಕುವವನು. ಮಾತು ಕಡಿಮೆ, ಆಡಿದರೆ ಹಿಂದಕ್ಕೆ ತಗೊಳ್ಳುವುದಿಲ್ಲ. ನಮ್ಮ ಬಂಧುಬಳಗದಲ್ಲಿ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿದ ಮೊದಲನೆಯವನು ಅವನೇ. ಅದಕ್ಕಾಗಿ ಕಟ್ಟೆಯ ಮೇಲೆ ಕೂತವರಿಂದ ಬೇಕಾದಷ್ಟು ಅನ್ನಿಸಿಕೊಂಡಿದ್ದ. ಹಾಡಿನ ಸುದ್ದಿ ಹೇಳಿದಾಗ ರೊಟ್ಟಿ ಮುರಿಯುತ್ತ ಒಂದೇ ಮಾತು ಹೇಳಿದ. "ಹಾಡಬೇಕಂದ್ರ ಹಾಡು. ಫೋನಿನ್ಯಾಗ ಮಾರಿ ಕಾಣಬಾರದು."

ಇದನ್ನು ಸಾರ್‌ಗೆ ಹೇಳಿದೆ. ಅವರಿಗೆ ಎಲ್ಲಿಲ್ಲದ ಹುರುಪು ಬಂತು. ಚಾಕ್‌ಪೀಸುಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ ಅವು ಬಸ್ಸಿನ ಸೀಟು ಎಂದರು, ಡಸ್ಟರ್ ಕ್ಯಾಮೆರಾ ಎಂದರು. ಇಡೀ ಹಾಡನ್ನು ಮುಖವಿಲ್ಲದೆ ಹೆಣೆದುಬಿಟ್ಟರು. ಕಿಟಕಿಯ ಸರಳು ಹಿಡಿದ ಕೈ. ಗಾಳಿಗೆ ಹಾರುವ ಜಡೆ. ಮೆಟ್ಟಿಲು ಹತ್ತುವ ಚಪ್ಪಲಿ. "ಕದ್ದು ನೋಡೋ ಕಣ್ಣಿಗೆ ನಾವು ಏನೂ ಕೊಡೋದಿಲ್ಲ! ದನಿ ಅದ, ಮಾರಿ ಇಲ್ಲ. ನಿಮ್ಮಪ್ಪನೂ ಹೂಂ ಅಂತಾನ, ಶಾಸ್ತ್ರನೂ ಹೂಂ ಅಂತದ!" ಕಣ್ಣು ಮಿಂಚುತ್ತಿದ್ದವು ಅವರಿಗೆ. ಶ್ರೀನು, ಜಿಲಾನಿ ಚಪ್ಪಾಳೆ ಹೊಡೆದರು.

ನನಗೆ ಉರಿದುಹೋಯಿತು. ಅಪ್ಪನ ಮೇಲೆ ಬಂದ ಸಿಟ್ಟು, ಅವರ ಮೇಲೆ ಬಂದ ಸಿಟ್ಟು, ಎರಡೂ ಕೂಡಿ ಬಾಯಿಗೆ ಬಂತು. "ಕೈ, ಜಡಿ, ಕಾಲು! ನನ್ನನ್ನೂ ತುಂಡು ತುಂಡು ಮಾಡಿರಲ್ಲ ಸಾರ್? ಅಪ್ಪ ಮಾರಿ ಬ್ಯಾಡ ಅಂದ, ನೀವು ಛಲೋ ಆತು ಅಂದ್ರಿ. ನಿನಗ ಏನು ಬೇಕಬೇ ಅಂತ ಒಬ್ಬರಾದ್ರೂ ಕೇಳಿರೇನು? ನನ್ನ ಹಾಡು ಅದು!"

ಹೇಳಿ ಹೊರಗೆ ಬಂದುಬಿಟ್ಟೆ. ಮೇಷ್ಟರಿಗೆ ಹಾಗೆ ಎದುರು ಆಡಿದವಳು ಅಲ್ಲವೇ ಅಲ್ಲ ನಾನು.

ಮರುದಿನ ಸಾರ್ ಕ್ಲಾಸಿಗೆ ಬಂದು, ಯಾರ ಮುಖವನ್ನೂ ನೋಡದೆ, ಬೋರ್ಡಿನ ಮೇಲೆ ತಮ್ಮ ಮೂರು ಪ್ರಶ್ನೆ ಬರೆದರು. ಅದರ ಕೆಳಗೆ ನಾಲ್ಕನೆಯದು ಬರೆದರು, ಕನ್ನಡದಲ್ಲಿ: ನೋಡಿಸಿಕೊಳ್ಳುವವರನ್ನು ಕೇಳಿದಿರೇನು? ಆಮೇಲೆ ನಮ್ಮ ಕಡೆ ತಿರುಗಿ, "ಇದು ಯಾವ ಪುಸ್ತಕದಾಗೂ ನಾ ಓದಿದ್ದಲ್ಲ. ನಿನ್ನೆ ಬೈಸಿಕೊಂಡು ಕಲಿತದ್ದು" ಎಂದರು. ಬೈದವರು ಯಾರು ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನನ್ನ ಮುಖ ಹಾಗೆ ಕೆಂಪೇರಿತ್ತು.

ಕ್ಲಾಸು ಮುಗಿದ ಮೇಲೆ ಕರೆದು, "ಈಗ ಕೇಳ್ತೀನಿ. ಮಾರಿ ಕಾಣಬೇಕೇನವಾ?" ಎಂದರು. "ಕಾಣಬೇಕು ಸಾರ್" ಎಂದೆ. "ಆತು" ಎಂದರು. ಅಷ್ಟೇ.

ಆ ಮನುಷ್ಯ ಏನು ಮಾಡಿದರು ಗೊತ್ತೇ? ಎರಡು ದಿನ ಬಿಟ್ಟು, ನನಗೊಂದು ಮಾತೂ ಹೇಳದೆ, ನಾನು ಕಾಲೇಜಿನಲ್ಲಿದ್ದ ಹೊತ್ತಿಗೆ ಹೊಳಗುಂದದ ಬಸ್ಸು ಹತ್ತಿ ನಮ್ಮ ಮನೆಗೆ ಹೋಗಿದ್ದರು.

ಸಂಜೆ ನಾನು ಮನೆಗೆ ಬಂದರೆ ಒಲೆಯ ಮುಂದೆ ಅವ್ವ ಕೂತಿದ್ದಳು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ.

"ನಿಮ್ಮ ಸಾರು ಬಂದಿದ್ರು."

ನಾನು ಹೆಗಲ ಚೀಲ ಕೆಳಗಿಟ್ಟೆ. ಅಪ್ಪ ಮುಂದುವರಿಸಿದ.

"ನಿಮ್ಮವ್ವ ತಂಬಿಗಿ ತೊಳದು ನೀರು ಕೊಟ್ಲು. ಬ್ಯಾಡ ಅಂದ್ರು. ಹಾಲು ಕಾಸಿ ಕೊಟ್ಲು, ಬ್ಯಾಡವಾ ಅಂದ್ರು. ಮಜ್ಜಿಗಿ ಅಂದ್ಲು, ಕೈ ಮುಗದ್ರು. ಬಿಸಲಾಗ ಬಂದ ಮನಿಷ್ಯಾ, ತುಟಿ ಒಣಗಿದ್ವು. ಆದ್ರೂ ನಮ್ಮ ಮನಿ ನೀರು ಮುಟ್ಟಲಿಲ್ಲ." ಅಪ್ಪನ ದನಿ ಏರಲಿಲ್ಲ. ಏರಿದ್ದರೆ ಇಷ್ಟು ಹೆದರುತ್ತಿರಲಿಲ್ಲ ನಾನು. "ನಮ್ಮ ಮನಿ ನೀರು ಆಗಲಾರದವ್ರಿಗೆ ನಮ್ಮ ಮನಿ ಮಗಳ ಮಾರಿ ಮಾತ್ರ ಬೇಕಾ? ಹಾಡೂ ಬ್ಯಾಡ, ಕಾಲೇಜೂ ಬ್ಯಾಡ. ನಾಳಿಂದ ಮನ್ಯಾಗ ಇರು."

ನಾನು ಬೆಳಗ್ಗೆಯೇ ಸಾರ್ ಮುಖ ನೋಡಿದ್ದೆ. ಹಣೆಯ ಮೇಲೆ ಕೆಂಪು ಇರಲಿಲ್ಲ.

"ಅಪ್ಪಾ, ಇವತ್ತು ಏಕಾದಶಿ ಐತಿ! ಅವರು ಯಾರ ಮನ್ಯಾಗೂ ನೀರು ಕುಡಿಯಂಗಿಲ್ಲ, ಅವರ ಮನ್ಯಾಗೂ ಕುಡಿಯಂಗಿಲ್ಲ. ಹಣಿ ನೋಡಿದ್ರ ಗೊತ್ತಾಗತೈತಿ, ಕೆಂಪು ಇರಂಗಿಲ್ಲ!"

"ಈಗ ಕಥಿ ಕಟ್ಟಬ್ಯಾಡ. ಹಂಗಿದ್ರ ಬಾಯಿಲೆ ಹೇಳತಿದ್ದಿಲ್ಲೇನು? ಮಾತು ಕಲಿಸಾವ್ರಿಗೆ ಮಾತು ಬರಂಗಿಲ್ಲೇನು?"

ಹಿತ್ತಲಿಗೆ ಹೋಗಿ ಸಾರ್‌ಗೆ ಫೋನು ಮಾಡಿದೆ. ಅಳುತ್ತ ಹೇಳಿದೆ, ಅರ್ಧ ಬೈಯುತ್ತ ಹೇಳಿದೆ. ಸಾರ್ ಸಣ್ಣ ದನಿಯಲ್ಲಿ ಅಂದರು, "ನಮ್ಮ ಓಣಿಯೊಳಗ ಸಣ್ಣ ಹುಡುಗರೂ ಓದ್ತಾವ ಈ ಹಣೀನ. ಎಲ್ಲಾರೂ ಓದ್ತಾರ ಅಂತ ತಿಳ್ಕೊಂಡಿದ್ದೆ ನೋಡು ತಂಗಿ. ನನ್ನಂಥಾ ದಡ್ಡ ಇನ್ನೊಬ್ಬ ಇಲ್ಲ."

ಚಿಹ್ನೆ ಎಂದರೇನು, ಅದು ಯಾರಿಗೆ ತಿಳಿಯುತ್ತದೆ, ಯಾರಿಗೆ ತಿಳಿಯುವುದಿಲ್ಲ ಎಂದು ಒಂದು ಇಡೀ ಸೆಮಿಸ್ಟರ್ ಪಾಠ ಮಾಡಿದವರು ಇವರು. ಸಿಟ್ಟಿನ ನಡುವೆಯೂ ನನಗೆ ಪಾಪ ಅನ್ನಿಸಿತು.

ಮರುದಿನ ಮೊದಲ ಬಸ್ಸಿಗೆ ಬಂದಿಳಿದರು. ಅಪ್ಪ ಕುರಿ ಹೊಡೆದುಕೊಂಡು ಹೊರಡುವವನಿದ್ದ. ಅಂಗಳದಲ್ಲೇ ನಿಂತು ಸಾರ್ ತಮ್ಮ ಹಣೆಗೆ ಬೆರಳು ಇಟ್ಟು ತೋರಿಸಿದರು. ಕಪ್ಪು ಗೀರಿನ ಬುಡದಲ್ಲಿ ಕೆಂಪು ಬೊಟ್ಟು ಎದ್ದು ಕಾಣುತ್ತಿತ್ತು.

"ಯಜಮಾನ್ರ, ನಿನ್ನೆ ಇದು ಇರಲಿಲ್ಲ. ಇದು ಇಲ್ಲ ಅಂದ್ರ ಆ ದಿನ ನಮಗ ನೀರೂ ಇಲ್ಲ ಅಂತ ಅರ್ಥ. ನಿಮಗ ಗೊತ್ತಿಲ್ಲದ್ದು ನಿಮ್ಮ ತಪ್ಪಲ್ಲ, ಹೇಳದೇ ಇದ್ದದ್ದು ನನ್ನ ತಪ್ಪು. ಇವತ್ತು ದ್ವಾದಶಿ, ಉಪವಾಸ ಬಿಡೋ ದಿನ. ಮನ್ಯಾಗ ತೀರ್ಥ ತಗೊಂಡು ಬಂದೀನಿ, ಬ್ಯಾರೆ ಏನೂ ಇಲ್ಲ." ಅವ್ವನ ಕಡೆ ತಿರುಗಿದರು. "ತಾಯೀ, ನಿನ್ನೆಯ ಹಾಲು ಇವತ್ತು ಕೊಡ್ತೀರೇನು?"

ಅವ್ವ ಅಪ್ಪನ ಮುಖ ನೋಡಲಿಲ್ಲ. ನೇರ ಒಳಗೆ ಹೋದಳು. ಸಾರ್ ಕಟ್ಟೆಯ ಮೇಲೆ ಕೂತು ಹಾಲು ಕುಡಿದರು, ನಡುವೆ ತಂಬಿಗೆ ಕೆಳಗಿಡದೆ ಒಂದೇ ಸಮ. ಎಷ್ಟು ಹಸಿದಿದ್ದರೋ! ಅಪ್ಪ ನೋಡುತ್ತಲೇ ಇದ್ದ. ಆಮೇಲೆ ಅವನೂ ಕಟ್ಟೆಯ ಇನ್ನೊಂದು ತುದಿಗೆ ಕೂತ.

"ಆಕಿ ಮಾರಿ ಯಾಕ ಕಾಣಬೇಕ್ರಿ?"

"ಕಾಣಬಾರದು ಅಂತ ನಾನೂ ಬರದಿದ್ದೆ. ಬೈಸಿಕೊಂಡೆ. ಆಕೀನ್ನೇ ಕೇಳ್ರಿ."

ಅಪ್ಪ ನನ್ನ ಕಡೆ ತಿರುಗಿದ. ನಾನೇ ಹೇಳಿದೆ, "ಹಾಡಿದಾಕಿ ಇಂಥವನ ಮಗಳು ಅಂತ ಗೊತ್ತಾಗಬೇಕಪ್ಪಾ. ದನಿ ಯಾರದಾರ ಇರ್ತೈತಿ. ಮಾರಿ ನಂದಾ."

ಕುರಿಗಳು ಹಟ್ಟಿಯಲ್ಲಿ ಒದರುತ್ತಿದ್ದವು. ಅಪ್ಪ ಎದ್ದು ಕೋಲು ತಗೊಂಡ. ಹೋಗುತ್ತ ಹೋಗುತ್ತ ಹೇಳಿದ, "ವಿಡಿಯೋ ತಗೊಳ್ಳೋ ದಿನ ನನಗ ಹೇಳ್ರಿ. ನಾನೂ ಬರ್ತೀನಿ."

ಬಂದ. ಬಸ್ಸಿನಲ್ಲಿ ಶ್ರೀನು ಕ್ಯಾಮೆರಾ ಹಿಡಿದು ಕೂತರೆ, ಅವನ ಹಿಂದೆ ಕಂಬಳಿ ಹೊದ್ದು ಅಪ್ಪ ನಿಂತ. ನೇರ ಕ್ಯಾಮೆರಾ ನೋಡಿ ಹಾಡು ಎಂದು ಸಾರ್ ಹೇಳಿದ್ದರು. ನೋಡಿದರೆ ಎದುರಿಗೆ ಅಪ್ಪ! ಆ ವಿಡಿಯೋ ನೋಡಿದವರು, "ಯಾರಿಗೂ ಅಂಜದಾಕಿ ಹಂಗ ನೋಡೀಯಲ್ಲ" ಎಂದು ಇಂದಿಗೂ ಹೇಳುತ್ತಾರೆ. ಅಂಜಿಕೆ ಇತ್ತು, ಇಲ್ಲ ಎನ್ನಲಾರೆ. ಕಟ್ಟೆಯ ಮೇಲಿನವರು ಫೋನಿನಲ್ಲಿ ನೋಡಿ ಒಬ್ಬರು ಹೂಂ ಅಂದರು, ಒಬ್ಬರು ಹೂಂ ಆದ್ರ ಅಂದರು. ಹೋಗಲೇ ಅಂದವರಿಗೆ ಅಪ್ಪನೇ ಹೋಗಲೇ ಅಂದ.

ಹೋದ ತಿಂಗಳ ನಿವೃತ್ತಿಯ ಸಭೆಗೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ವಿಡಿಯೋ ತೆಗೆಯುವ ಕೆಲಸ ನನ್ನದೇ. ಸಭಾಂಗಣದ ನಡುವೆ ಟ್ರೈಪಾಡ್ ಹಾಕಿ ನಿಂತಿದ್ದೆ. ಶಾಲು, ಹಾರ, ಪೇಟ, ಭಾಷಣದ ಮೇಲೆ ಭಾಷಣ. ಕೊನೆಗೆ ಪ್ರಿನ್ಸಿಪಾಲರು ಲಡ್ಡುವಿನ ತಟ್ಟೆ ಹಿಡಿದು, ಸಾರ್ ಬಾಯಿಗೆ ಒಂದು ತುತ್ತು ಇಡಬೇಕು, ಫೋಟೋ ಆಗಬೇಕು ಎಂದು ನಿಂತರು. ಸಾರ್ ಕೈ ಮುಗಿದರು. ಅವರು ಮತ್ತೆ ಒತ್ತಾಯ ಮಾಡಿದರು. ಸಾರ್ ಮತ್ತೆ ಕೈ ಮುಗಿದು ನಕ್ಕರು. ಮುಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ ಲೆಕ್ಚರರ್ ಒಬ್ಬರು ಪಕ್ಕದವರಿಗೆ, "ಏಮೋ, ಮನ ಚೇತಿದಿ ತಿನರೇಮೋ" ಎಂದದ್ದು ನನಗೂ ಕೇಳಿಸಿತು. ನಮ್ಮ ಕೈಯದು ತಿನ್ನುವುದಿಲ್ಲವೇನೋ. ಅಯ್ಯೋ ದೇವರೇ ಎಂದುಕೊಂಡು ಮುಖಕ್ಕೆ ಜೂಮ್ ಮಾಡಿದೆ. ಬರೀ ಕಪ್ಪು ಗೀರು. ಜೀವಮಾನವೆಲ್ಲ ಸಂವಹನ ಕಲಿಸಿದ ಮನುಷ್ಯ, ಇವತ್ತು ನನಗೆ ಊಟ ಇಲ್ಲ ಎನ್ನುವ ಒಂದು ಮಾತನ್ನು ಇನ್ನೂ ಕಲಿತಿರಲಿಲ್ಲ!

ನಾನು ಬಾಯಿ ತೆಗೆಯುವುದರೊಳಗೆ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಮೈಕಿಲ್ಲದೆ, ಕುರಿ ಕರೆಯುವ ಗಂಟಲಲ್ಲಿ.

"ಏ ಯಪ್ಪಾ, ಸಾರ್ ಹಣಿ ನೋಡ್ರಿ. ಕೆಂಪು ಇಲ್ಲ. ಇವತ್ತು ಅವ್ರು ನೀರೂ ಮುಟ್ಟಂಗಿಲ್ಲ. ನಾಳಿ ಮುಂಜಾನಿ ಕೊಡ್ರಿ, ತಿಂತಾರ."

ನಮ್ಮಪ್ಪ. ಕಂಬಳಿ ಹೆಗಲ ಮೇಲೆ, ಕೈ ಎತ್ತಿ ವೇದಿಕೆ ತೋರಿಸುತ್ತ ನಿಂತಿದ್ದ. ಸಭೆಯೆಲ್ಲ ಒಮ್ಮೆ ಅವನನ್ನು, ಒಮ್ಮೆ ಸಾರ್ ಹಣೆಯನ್ನು ನೋಡಿತು. ಪ್ರಿನ್ಸಿಪಾಲರು ತಟ್ಟೆ ಕೆಳಗಿಟ್ಟರು. ಪೇಟ ಓರೆಯಾಗಿದ್ದ ಸಾರ್ ಎರಡೂ ಕೈಯಲ್ಲಿ ಚೌಕ ಮಾಡಿ ಅದರೊಳಗಿಂದ ಅಪ್ಪನನ್ನೇ ನೋಡಿದರು. ನಾನು ವೇದಿಕೆ ಬಿಟ್ಟು ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸಿದೆ.

ಆಗ ಮೈಕಿನಲ್ಲಿ ಸಾರ್ ದನಿ, ಇಡೀ ಸಭೆಗೆ ಕೇಳುವಂತೆ: "ಮಾರಿ ತಗೊಳ್ಳಿಕತ್ತೀಯಲ್ಲ, ಕೇಳಿದಿಯೇನವಾ ಅವರನ್ನ?"

ನಾನು ಲೆನ್ಸಿನಿಂದ ಕಣ್ಣು ತೆಗೆದು ಅಪ್ಪನ ಮುಖ ನೋಡಿದೆ. ಅವನು ಕಂಬಳಿ ಸರಿಮಾಡಿಕೊಂಡು, ನೆಟ್ಟಗೆ ನಿಂತು, ನೇರ ಕ್ಯಾಮೆರಾ ನೋಡಿದ.

"ತಗೋಳವಾ" ಎಂದ.